ಗಾಳಿಬಂಡಿಯ ಮಳೆಗಾಲ

ಹೋದ ತಿಂಗಳು ನಮ್ಮ ಬೀದಿಯ ನಜೀರ್ ನನ್ನನ್ನು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋದ. ಅವನಿಗೆ ಅಲ್ಲಿ ಕೆಲಸ. ವಿಮಾನ ಬಂದು ನಿಂತ ಮೇಲೆ ಅದರ ಚಾಕರಿ ನೋಡಿಕೊಳ್ಳುವ ತಂಡದಲ್ಲಿದ್ದಾನೆ. “ಚಾಚಾ, ಲಡಾಯಿ ಕಾಲದಲ್ಲಿ ನಾನೂ ವಿಮಾನದ ಕೆಲಸದಲ್ಲಿದ್ದೆ ಅಂತೀರಲ್ಲ, ಬನ್ನಿ, ಈಗಿನವು ಹೆಂಗಿವೆ ನೋಡಿ” ಎಂದು ಒತ್ತಾಯ ಮಾಡಿ ಬೇಲಿಯ ಪಕ್ಕ ಒಂದು ಕಡೆ ನಿಲ್ಲಿಸಿದ. ಎದುರಿಗೆ ಒಂದು ಜೆಟ್ ವಿಮಾನ ನಿಂತಿತ್ತು. ಅದರ ಹೊಟ್ಟೆಗೆ ಒಂದು ಲಾರಿಯಿಂದ ತೊಡೆಯಷ್ಟು ದಪ್ಪದ ಪೈಪು ಸಿಕ್ಕಿಸಿದ್ದರು. ಯಾರೋ ಕೈ ಎತ್ತಿದರು. ಪೈಪು ಬಿಗಿದುಕೊಂಡಿತು. ಸುಯ್ಯೆಂದು ಸಣ್ಣಗೆ ಶುರುವಾದ ಸದ್ದು ಏರುತ್ತಾ ಏರುತ್ತಾ ಹೋಗಿ, ಕೊನೆಗೆ ಎಂಜಿನ್ನಿನ ಮೊರೆತದಲ್ಲಿ ಮುಳುಗಿಹೋಯಿತು.

ನಜೀರ್ ನನ್ನ ಕಿವಿಯ ಹತ್ತಿರ ಬಾಯಿಟ್ಟು ವಿವರಿಸುತ್ತಿದ್ದ. “ಆ ಪೈಪಿನಿಂದ ಗಾಳಿ ಹೋಗ್ತದೆ ಚಾಚಾ. ಒಳಗೊಂದು ಸಣ್ಣ ಚಕ್ರ ಇದೆ, ಸುತ್ತಾ ಎಲೆಎಲೆ ಥರ ಅಲಗು. ಗಾಳಿ ಹೊಡೀತಿದ್ದಂಗೆ ಅದು ಗಿರ್ರಂತ ತಿರುಗ್ತದೆ. ಹಲ್ಲಿನ ಚಕ್ರಗಳು ಆ ವೇಗಾನ ಇಳಿಸಿ ಬಲ ಮಾಡ್ಕೊಡ್ತವೆ. ಆ ಬಲಕ್ಕೆ ದೊಡ್ಡ ಎಂಜಿನ್ನು ಸುತ್ತೋಕೆ ಶುರು. ಸಾಕಷ್ಟು ಸುತ್ತಿದ ಮೇಲೆ ಎಣ್ಣೆ ಬಿಡ್ತಾರೆ, ಕಿಡಿ ಕೊಡ್ತಾರೆ. ತನ್ನ ಕಾಲ ಮೇಲೆ ತಾನು ಓಡೋಕೆ ಹತ್ತಿದ್ರೆ ಕ್ಲಚ್ಚು ತಾನೇ ಬಿಟ್ಕೊಳ್ತದೆ. ಗಾಳಿ ಬಂದ್.”

“ಗಾಳಿ ನಲ್ಲಿ ಸೋರಿದ್ರೆ?” ಎಂದು ಕೇಳಿದೆ.

ಅವನು ನಕ್ಕ. “ಅದಕ್ಕೆಲ್ಲಾ ದೀಪ ಇದೆ ಚಾಚಾ. ನಲ್ಲಿ ಸರಿಯಾಗಿ ಮುಚ್ಚಲಿಲ್ಲ ಅಂದ್ರೆ ಪೈಲಟ್ ಮುಂದೆ ದೀಪ ಹತ್ಕೊಳ್ತದೆ.”

ನನಗೆ ನಗು ಬರಲಿಲ್ಲ. ಸುಟ್ಟ ಸೀಮೆಎಣ್ಣೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನಮ್ಮ ಕಾಲದಲ್ಲಿ ದೀಪವಿರಲಿಲ್ಲ. ಪಿಳ್ಳಪ್ಪನಿದ್ದ.

ಅದು ನಲವತ್ತನಾಲ್ಕರ ಮಳೆಗಾಲ. ನಾನು ಮಹಬೂಬ್ ಬಾಷಾ, ಹೊಸಕೋಟೆಯವನು, ಆಗ ಇಪ್ಪತ್ತಮೂರು ವರ್ಷ. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಬೆಂಗಳೂರು ದಂಡಿನ ಹೈಸ್ಕೂಲಿನಲ್ಲಿ ಕಲಿತ ಇಂಗ್ಲಿಷು. ಈ ಮೂರು ಭಾಷೆಗಳ ದೆಸೆಯಿಂದಲೇ ನನಗೆ ಆ ಕೆಲಸ ಸಿಕ್ಕಿತು. ಸಮೇತನಹಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ದಿಣ್ಣೆಯನ್ನು ಸರ್ಕಾರದವರು ಯುದ್ಧಕ್ಕೆಂದು ತೆಗೆದುಕೊಂಡು, ಹೊಲಗಳ ಬದುಗಳನ್ನೆಲ್ಲಾ ಕೆಡವಿ, ಕೆಂಪು ಮಣ್ಣು ಬಡಿದು ವಿಮಾನದ ಹಾದಿ ಮಾಡಿದ್ದರು. ಬೆಂಗಳೂರಿನಲ್ಲಿ ರಿಪೇರಿಯಾದ ಒಂಟಿ ಎಂಜಿನ್ನಿನ ವಿಮಾನಗಳು ಅಲ್ಲಿಗೆ ಬಂದು, ಎರಡು ಮೂರು ದಿನ ಹಾರಿಸಿ ನೋಡಿದ ಮೇಲೆ, ಪೂರ್ವದ ಗಡಿಗೆ ಹೋಗುತ್ತಿದ್ದವು. ತಗಡಿನ ಎರಡು ಶೆಡ್ಡು, ಕೆಲವು ಡೇರೆಗಳು, ಸುತ್ತ ಮುಳ್ಳುತಂತಿ. ನಾನು ಅಲ್ಲಿ ಉಗ್ರಾಣದ ಗುಮಾಸ್ತ. ಅದಕ್ಕಿಂತ ಹೆಚ್ಚಾಗಿ ದುಭಾಷಿ. ಆಫೀಸರುಗಳು ಇಬ್ಬರೂ ಇಂಗ್ಲಿಷರು. ಫೋರ್‌ಮನ್ ಪೀಟರ್ಸ್ ಕಲ್ಕತ್ತೆಯ ಕಡೆಯಿಂದ ಬಂದ ಆಂಗ್ಲೋ ಇಂಡಿಯನ್. ಕನ್ನಡದ ಗಂಧವೂ ಇಲ್ಲ. ಕೆಲಸದವರೆಲ್ಲಾ ಸುತ್ತಮುತ್ತಲ ಹಳ್ಳಿಯವರು. ಮೇಲಿನವರ ಮಾತು ಕೆಳಗಿಳಿಯಬೇಕಾದರೂ, ಕೆಳಗಿನವರ ಮಾತು ಮೇಲೇರಬೇಕಾದರೂ ನನ್ನ ಬಾಯಿಂದಲೇ.

ಪಿಳ್ಳಪ್ಪ ಸಮೇತನಹಳ್ಳಿಯ ರೈತ, ನನಗಿಂತ ಎಂಟು ಹತ್ತು ವರ್ಷ ದೊಡ್ಡವನು. ಅವನ ತಂಗಿ ನಂಜಮ್ಮನನ್ನು ಅದೇ ಊರಿನ ಮುನಿಶಾಮಿಗೆ ಕೊಟ್ಟಿತ್ತು. ಭಾವಮೈದುನರ ಹೊಲಗಳು ಅಕ್ಕಪಕ್ಕದಲ್ಲೇ ಇದ್ದು, ಎರಡರಲ್ಲೂ ಅರ್ಧರ್ಧ ಆ ದಿಣ್ಣೆಗೆ ಹೋಗಿತ್ತು. ಉಳಿದದ್ದನ್ನು ಹೆಂಗಸರಿಗೆ ಬಿಟ್ಟು ಇಬ್ಬರೂ ಕೆಲಸಕ್ಕೆ ಸೇರಿಕೊಂಡಿದ್ದರು. ಮುನಿಶಾಮಿ ತಮಾಷೆಯ ಆಸಾಮಿ. “ಇದೇ ಜಾಗದಲ್ಲಿ ಹೋದ ವರ್ಷ ಅವರೆಕಾಯಿ ಬಿಡಿಸ್ತಿದ್ದೆ ಬಾಷಣ್ಣ, ಈ ವರ್ಷ ಇಮಾನ ತೊಳೀತಿವ್ನಿ. ಬರೋ ವರ್ಷ ಇಮಾನಾನೇ ಬಿತ್ತಾಕೆ ಹೇಳ್ತಾರೇನೋ!” ಎನ್ನುತ್ತಿದ್ದ. ಪಿಳ್ಳಪ್ಪ ಮಾತು ಕಡಿಮೆಯವನು.

ಮೇ ತಿಂಗಳ ಕೊನೆಗೆ ನಮ್ಮಲ್ಲಿಗೆ ಒಂದು ತಳ್ಳುಬಂಡಿ ಬಂತು. ಎರಡು ಗಾಲಿ, ಮೇಲೆ ಸಣ್ಣ ಪೆಟ್ರೋಲ್ ಎಂಜಿನ್ನು, ಅದರ ಪಕ್ಕ ಗಾಳಿ ಒತ್ತುವ ಕಂಪ್ರೆಸರ್, ಉದ್ದನೆಯ ಎರಡು ಉಕ್ಕಿನ ಸಿಲಿಂಡರು, ಒಂದು ದಪ್ಪ ರಬ್ಬರ್ ಪೈಪು, ಪೈಪಿನ ಬುಡದಲ್ಲಿ ಹಿತ್ತಾಳೆಯ ನಲ್ಲಿ. ಬ್ಯಾಟರಿಗಳಿಗೆ ಬರ ಬಂದಿದ್ದ ಕಾಲ ಅದು. ಇನ್ನು ಮುಂದೆ ಎಂಜಿನ್ನು ಎಬ್ಬಿಸುವುದೆಲ್ಲಾ ಗಾಳಿಯಿಂದಲೇ ಎಂದರು. ನಮ್ಮವರು ಅದಕ್ಕೆ ಅವತ್ತೇ ಗಾಳಿಬಂಡಿ ಎಂದು ಹೆಸರಿಟ್ಟರು.

ಅದನ್ನು ತಂದ ತಂತ್ರಜ್ಞನೊಬ್ಬ ಒಂದು ಬೆಳಗಿನಲ್ಲಿ ಎಲ್ಲರನ್ನೂ ಕೂರಿಸಿ ಪಾಠ ಹೇಳಿದ. ಅವನು ಇಂಗ್ಲಿಷಿನಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಹೇಳುವುದು. ಎಂಜಿನ್ನು ತನ್ನಷ್ಟಕ್ಕೆ ತಾನು ಏಳುವುದಿಲ್ಲ. ಮೊದಲ ನಾಲ್ಕು ಸುತ್ತು ಯಾರಾದರೂ ಸುತ್ತಿಸಿಕೊಡಬೇಕು. ಸಿಲಿಂಡರಿನೊಳಗೆ ಒತ್ತಿಟ್ಟ ಗಾಳಿ ಪೈಪಿನಲ್ಲಿ ಬಂದು ಎಂಜಿನ್ನಿನ ಹಿಂದಿರುವ ಒಂದು ತಟ್ಟೆಗೆ ಸೇರುತ್ತದೆ. ಆ ತಟ್ಟೆ ಸರದಿ ನೋಡಿಕೊಂಡು, ಒಂಬತ್ತು ಕೊಂತಗಳಲ್ಲಿ, ಅಂದರೆ ಪಿಸ್ಟನ್ನುಗಳಲ್ಲಿ, ಯಾವುದು ಕೆಳಗಿಳಿಯಲು ಸಿದ್ಧವಾಗಿದೆಯೋ ಅದರ ತಲೆಯ ಮೇಲೆ ಗಾಳಿ ಬಿಡುತ್ತದೆ. ಗಾಳಿ ತಳ್ಳಿದರೆ ಕೊಂತ ಇಳಿಯುತ್ತದೆ, ವಿಮಾನದ ಮೂತಿಯಲ್ಲಿರುವ ಪಂಖ ತಿರುಗುತ್ತದೆ. ಆಮೇಲೆ ಪೆಟ್ರೋಲು, ಕಿಡಿ.

ನಾನು ಹೇಳುತ್ತಿದ್ದದ್ದು ನನಗೇ ಪೂರ್ತಿ ಅರ್ಥವಾಗಿರಲಿಲ್ಲ. ‘ಸರದಿ’ ಎಂಬಲ್ಲಿ ತಡವರಿಸಿದೆ. ಪಿಳ್ಳಪ್ಪ ಎದ್ದು ನಿಂತು ಕೇಳಿದ. “ಅಂದ್ರೆ, ನೀರೆತ್ತೋ ಏತದ ಮ್ಯಾಲೆ ಆಳು ಹಿಂದಕ್ಕೂ ಮುಂದಕ್ಕೂ ನಡೀತಾನಲ್ಲ, ಅಂಗೆ. ಯಾವ ಕಡೆ ಇಳೀಬೇಕೋ ಆ ಕಡೀಕೆ ಭಾರ ಹಾಕಾದು. ಅಲ್ವಾ?” ನಾನು ಅದನ್ನು ಇಂಗ್ಲಿಷಿಗೆ ತಂದು ಹೇಳಿದಾಗ ಆ ತಂತ್ರಜ್ಞ ಪಿಳ್ಳಪ್ಪನ ಕೈ ಕುಲುಕಿದ. ಗಾಳಿಬಂಡಿಯ ನಲ್ಲಿಯನ್ನು ಅವನ ವಶಕ್ಕೇ ಕೊಟ್ಟರು.

ಆ ಪಾಠದಲ್ಲಿ ಒಂದು ಕಟ್ಟಪ್ಪಣೆಯಿತ್ತು. ರಾತ್ರಿಯೆಲ್ಲಾ ನಿಂತ ಎಂಜಿನ್ನಿನ ಕೆಳಗಿನ ಕೊಂತಗಳ ಗೂಡಿನಲ್ಲಿ ಎಣ್ಣೆ ಇಳಿದು ತುಂಬಿಕೊಂಡಿರುತ್ತದೆ. ಹಾಗೇ ಎಬ್ಬಿಸಿದರೆ ಎಂಜಿನ್ನು ಒಡೆಯುತ್ತದೆ. ಅದಕ್ಕೇ ಬೆಳಿಗ್ಗೆ ಒಬ್ಬ ಆಳು ಪಂಖವನ್ನು ಕೈಯಿಂದ ಹಿಡಿದು ಐದಾರು ಸುತ್ತು ತಿರುಗಿಸಬೇಕು. ಅವನು ತಿರುಗಿಸಿ ಪಕ್ಕಕ್ಕೆ ಬಂದ ಮೇಲಷ್ಟೇ ಗಾಳಿಯ ಪೈಪನ್ನು ಸಿಕ್ಕಿಸಬೇಕು. ಮೊದಲು ಕೈ, ಆಮೇಲೆ ಗಾಳಿ. ಎರಡೂ ಒಟ್ಟಿಗೆ ಕೂಡದು. ಪಂಖ ತಿರುಗಿಸುವ ಕೆಲಸ ಮುನಿಶಾಮಿಗೆ ಬಂತು. ಉದ್ದ ಕೈ, ಅಗಲ ಎದೆಯ ಆಳು ಅವನು.

ಆ ವರ್ಷ ಮುಂಗಾರು ಚೆನ್ನಾಗಿ ಹಿಡಿಯಿತು. ಬೇಲಿಯ ಆಚೆ ರಾಗಿ ಬಿತ್ತಿದರು, ಪೈರು ಎದ್ದಿತು. ಈಚೆ ನಾವು ಕೆಸರಿನಲ್ಲಿ ವಿಮಾನ ತಳ್ಳುತ್ತಿದ್ದೆವು. ಮಧ್ಯಾಹ್ನ ನಂಜಮ್ಮ ಮಂಕರಿಯಲ್ಲಿ ಮುದ್ದೆ, ಹುರುಳಿಸಾರು ಹೊತ್ತು ಬೇಲಿಯವರೆಗೆ ಬರುತ್ತಿದ್ದಳು, ಒಳಗೆ ಬಿಡುತ್ತಿರಲಿಲ್ಲ. ತಂತಿಯ ಸಂದಿಯಲ್ಲಿ ಅಣ್ಣನಿಗೊಂದು, ಗಂಡನಿಗೊಂದು ತಟ್ಟೆ ದಾಟಿಸುವಳು. ನನ್ನ ಅಮ್ಮ ಕಟ್ಟಿಕೊಟ್ಟ ರೊಟ್ಟಿ ಕೈಮಾವನ್ನು ನಾನು ಪಕ್ಕದಲ್ಲೇ ಕೂತು ತಿನ್ನುತ್ತಿದ್ದೆ. ಅವಳೇ ಒಂದು ದಿನ, “ನಿಮ್ಮಿಂದಾನೇ ಬಾಷಣ್ಣ ನಮ್ಮೋರು ಇಲ್ಲಿ ಮನುಸರಂಗೆ ಇರಾದು. ನಮ್ಮ ಮಾತ್ನ ದೊರೆಗಳಿಗೆ ಮುಟ್ಟಿಸ್ತೀರ” ಎಂದಿದ್ದಳು. ನನಗೆ ಹೆಮ್ಮೆಯಾಗಿತ್ತು.

ಶ್ರಾವಣದ ಹೊತ್ತಿಗೆ ಪಿಳ್ಳಪ್ಪ ಉಗ್ರಾಣಕ್ಕೆ ಬಂದ. “ಬಾಷಣ್ಣ, ನಲ್ಲಿ ಸೋರ್ತೈತೆ” ಎಂದ. ನಾನು ಹೋಗಿ ನೋಡಿದೆ. ಏನೂ ಕಾಣಲಿಲ್ಲ, ಕೇಳಲೂ ಇಲ್ಲ. ಅವನು ನನ್ನ ಕೈ ಹಿಡಿದು ಪೈಪಿನ ಬಾಯಿಗೆ ಒತ್ತಿದ. ನಲ್ಲಿ ಪೂರ್ತಿ ಬಿಗಿದಿದ್ದರೂ ಅಂಗೈಗೆ ತಣ್ಣಗೆ ಸಣ್ಣ ಉಸಿರು ತಾಗಿತು. “ಒಳಗಿನ ವಾಷರ್ ಸವೆದೈತೆ. ಬೇರೆ ತರಿಸ್ಕೊಡಿ” ಎಂದ. ನಾನು ಚೀಟಿ ಬರೆದು ಪೀಟರ್ಸ್‌ಗೆ ತೋರಿಸಿದೆ. ಅವನು ನೋಡಿ, ಇಂಥ ಚಿಲ್ಲರೆ ಸಾಮಾನಿಗೆಲ್ಲಾ ಬೆಂಗಳೂರಿಗೆ ಜೀಪು ಕಳಿಸಲಾಗುವುದಿಲ್ಲ, ತಿಂಗಳ ಕೊನೆಗೆ ಎಲ್ಲಾ ಚೀಟಿ ಒಟ್ಟಿಗೆ ಹೋಗಲಿ ಎಂದ. ನಾನು ಚೀಟಿಯನ್ನು ಪುಸ್ತಕದೊಳಗೆ ಇಟ್ಟೆ. ಎರಡು ದಿನಕ್ಕೊಮ್ಮೆ ಪಿಳ್ಳಪ್ಪ ಬಂದು “ಬಂತಾ?” ಎನ್ನುವನು. ನಾನು “ಕಳಿಸಿದೀನಿ ಕಣಪ್ಪಾ, ಬರ್ತದೆ” ಎನ್ನುವೆನು. ಕಳಿಸಿರಲಿಲ್ಲ. ಹೋಗಿ ಆಫೀಸರ ಮುಂದೆ ಇಡಬಹುದಿತ್ತು. ಪೀಟರ್ಸ್‌ನ ತಲೆಯ ಮೇಲಿಂದ ಹೋದೆನೆಂಬ ಮಾತು ಬರುತ್ತದೆಂದು ಸುಮ್ಮನಿದ್ದೆ.

ಅಷ್ಟರಲ್ಲಿ ಗಡಿಯ ಕಡೆಯಿಂದ ಆತುರ ಹೆಚ್ಚಾಯಿತು. ದಿನಕ್ಕೆ ಎರಡು ವಿಮಾನ ಹೋಗುತ್ತಿದ್ದಲ್ಲಿ ನಾಲ್ಕು ಹೋಗಬೇಕೆಂದರು. ಒಂದು ಬೆಳಿಗ್ಗೆ ಪೀಟರ್ಸ್ ಎಲ್ಲರನ್ನೂ ಸೇರಿಸಿ ನನಗೆ ಹೇಳಿದ: ಇನ್ನು ಪಂಖ ತಿರುಗಿಸುವ ಮೊದಲೇ ಪೈಪು ಸಿಕ್ಕಿಸಿಬಿಡಬೇಕು, ಒಂದೊಂದು ವಿಮಾನಕ್ಕೂ ಸುಮ್ಮನೆ ಹೊತ್ತು ಹಾಳಾಗುತ್ತಿದೆ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

ಪಿಳ್ಳಪ್ಪ ಒಪ್ಪಲಿಲ್ಲ. “ನಲ್ಲಿ ಸೋರ್ತಿರೋವಾಗ ಪೈಪು ಮೊದಲೇ ಹಾಕಿದ್ರೆ ಗಾಳಿ ಒಳೀಕೆ ಸೇರ್ಕೊಳ್ತದೆ. ಆಳು ಪಂಖ ಹಿಡ್ದಿರೋವಾಗ ಕೊಂತದ ಮ್ಯಾಲೆ ಕೂತ್ಬಿಟ್ರೆ? ಹೇಳಿ ಬಾಷಣ್ಣ ಅವ್ರಿಗೆ.”

ನಾನು ಹೇಳಿದೆ. ಹೇಳಿದ್ದು ನಿಜ. ಆದರೆ ಅವನು ಹೇಳಿದ ಬಿರುಸಿನಲ್ಲಿ ಹೇಳಲಿಲ್ಲ. ಹಳೆಯ ಪದ್ಧತಿಯೇ ಒಳ್ಳೆಯದೆಂದು ಇವನ ಅಭಿಪ್ರಾಯ ಸರ್, ಎಂದೆ. ಪೀಟರ್ಸ್ ಗಡಿಯಾರ ನೋಡಿಕೊಂಡು, ನಲ್ಲಿ ಇರುವುದೇ ಗಾಳಿ ತಡೆಯುವುದಕ್ಕೆ ಎಂದು ಅವನಿಗೆ ಹೇಳು, ಎಂದ.

“ಏನಂದ್ರು?” ಎಂದ ಪಿಳ್ಳಪ್ಪ.

“ಪರವಾಗಿಲ್ಲ ಅಂದ್ರು. ಹೇಳ್ದಂಗೆ ಮಾಡಪ್ಪ” ಎಂದೆ.

ಹೊಸ ಅಪ್ಪಣೆಯಾದ ಐದನೇ ದಿನ ಅದು ನಡೆಯಿತು. ರಾತ್ರಿಯಿಡೀ ಸೋನೆ ಹಿಡಿದು ಬೆಳಗಿನ ಏಳರ ಹೊತ್ತಿಗೆ ಬಿಟ್ಟಿತ್ತು. ಮೂರು ವಿಮಾನ ಸಾಲಾಗಿ ನಿಂತಿದ್ದವು. ಮೊದಲನೆಯದು ಎದ್ದು ಹೋಯಿತು. ಎರಡನೆಯದಕ್ಕೆ ಪೈಪು ಸಿಕ್ಕಿಸಿ ಪಿಳ್ಳಪ್ಪ ನಲ್ಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಹಿಡಿಯನ್ನು ಎರಡೂ ಕೈಯಿಂದ ಮುಚ್ಚುವ ಕಡೆಗೆ ಬಿಗಿದು ಹಿಡಿದಿದ್ದ. ಅದನ್ನು ನಾನು ಕಣ್ಣಾರೆ ನೋಡಿದೆ. ಎಣ್ಣೆ ಡಬ್ಬ ಕೊಡಲು ಹೋದವನು ಹತ್ತು ಮಾರು ದೂರದಲ್ಲಿದ್ದೆ. ಮೂರನೆಯ ವಿಮಾನದ ಹತ್ತಿರ ಪೀಟರ್ಸ್ ಬೇಗ ಬೇಗ ಎಂದು ಕೂಗುತ್ತಿದ್ದ. ಮುನಿಶಾಮಿ ಪಂಖದ ಅಲಗಿಗೆ ಕೈ ಹಾಕಿ ಒಂದು ಸುತ್ತು ಎಳೆದ. ಎರಡನೇ ಸುತ್ತು ಎಳೆದ. ಮೂರನೆಯದಕ್ಕೆ ಮೈ ಮುಂದೆ ಬಗ್ಗಿಸಿದಾಗ ಎಂಜಿನ್ನಿನೊಳಗೆ ಯಾರೋ ಸೀನಿದಂತೆ ಒಂದು ಸದ್ದಾಯಿತು. ಪಂಖ ಅವನ ಕೈಯಿಂದ ಕಿತ್ತುಕೊಂಡು ಅರ್ಧ ಸುತ್ತು ತಿರುಗಿ ನಿಂತಿತು. ಅರ್ಧ ಸುತ್ತು ಅಷ್ಟೇ. ಹಿಂದಿನಿಂದ ಬಂದ ಅಲಗು ಅವನ ತಲೆಗೆ ಬಡಿದಿತ್ತು.

ಪಿಳ್ಳಪ್ಪ ನಲ್ಲಿಯನ್ನು ಬಿಡಲೇ ಇಲ್ಲ. ಬಿಟ್ಟರೆ ಮತ್ತೆ ಗಾಳಿ ಹೋಗಿ ಪಂಖ ತಿರುಗೀತೆಂದು, ನಾವೆಲ್ಲಾ ಮುನಿಶಾಮಿಯನ್ನು ಎಳೆದು ಪಕ್ಕಕ್ಕೆ ಮಲಗಿಸುವವರೆಗೂ ಹಿಡಿದೇ ಕೂತಿದ್ದ. “ಯಾರಾದ್ರೂ ಪೈಪು ಕೀಳ್ರಪ್ಪೋ, ಪೈಪು ಕೀಳ್ರಪ್ಪೋ” ಎಂದು ಕೂಗುತ್ತಿದ್ದ. ಪೈಪು ಕಿತ್ತವನು ನಾನೇ. ಆಮೇಲೆ ಅವನು ಎದ್ದು ಬಂದು ಭಾವನ ಪಕ್ಕ ಕೂತ. ಮುನಿಶಾಮಿಯ ಉಸಿರು ಆಗಲೇ ನಿಂತಿತ್ತು.

ಅಂದು ಸಂಜೆ ಪೀಟರ್ಸ್ ಉಗ್ರಾಣಕ್ಕೆ ಬಂದು ಬಾಗಿಲು ಮುಂದೆ ಮಾಡಿದ. ಕೂಗಾಡಲಿಲ್ಲ. ವಾಷರಿನ ಚೀಟಿ ಎಲ್ಲಿದೆ ಎಂದು ಕೇಳಿದ. ಪುಸ್ತಕದಿಂದ ತೆಗೆದು ತೋರಿಸಿದೆ. “ನಿನ್ನ ಪುಸ್ತಕದಲ್ಲಿ, ನಿನ್ನ ಕೈಬರಹದಲ್ಲಿ ಹನ್ನೆರಡು ದಿನದಿಂದ ಇದೆ” ಎಂದ, ನಿಧಾನವಾಗಿ. “ಇಟ್ಟುಕೋ ಅಂತ ನಾನು ಹೇಳಿದ್ದಕ್ಕೆ ಬರಹ ಎಲ್ಲಿದೆ? ನಾಡಿದ್ದು ವಿಚಾರಣೆ. ಸೋರಿಕೆಯ ಮಾತು ಬಂದರೆ ಮೊದಲು ನಿನ್ನ ಕುತ್ತಿಗೆ. ಯೋಚನೆ ಮಾಡು.” ಚೀಟಿಯನ್ನು ನನ್ನ ಮುಂದೆಯೇ ಬಿಟ್ಟು ಹೋದ. ಹರಿದುಹಾಕು ಎನ್ನಲಿಲ್ಲ. ಹರಿದವನು ನಾನು.

ಎರಡು ದಿನ ಮನೆಯಲ್ಲಿ ಅನ್ನ ಇಳಿಯಲಿಲ್ಲ. “ಕೈಕು ನೈ ಖಾರಾ ರೇ?” ಯಾಕೋ ಉಣ್ತಿಲ್ಲ ಎಂದು ಅಮ್ಮ ಮತ್ತೆ ಮತ್ತೆ ಕೇಳಿದಳು. ಹೊಟ್ಟೆನೋವು ಎಂದೆ.

ವಿಚಾರಣೆ ತಗಡಿನ ಶೆಡ್ಡಿನಲ್ಲಿ ನಡೆಯಿತು. ಇಬ್ಬರು ಆಫೀಸರುಗಳು, ಟೈಪು ಮಾಡಲು ಬಂಗಾಳದ ಒಬ್ಬ ಗುಮಾಸ್ತ, ಪೀಟರ್ಸ್, ಪಿಳ್ಳಪ್ಪ, ನಾನು. ಹೊರಗೆ ಮಳೆ. ತಗಡಿನ ಮೇಲೆ ಹನಿ ಬಡಿಯುವ ಸದ್ದಿಗೆ ಗಟ್ಟಿಯಾಗಿ ಮಾತಾಡಬೇಕಾಗಿತ್ತು. ಪಿಳ್ಳಪ್ಪ ತಲೆ ಬೋಳಿಸಿಕೊಂಡಿದ್ದ. ಭಾವನ ಮಕ್ಕಳು ಸಣ್ಣವರಾದ್ದರಿಂದ ಚಿತೆಗೆ ಬೆಂಕಿ ಇಟ್ಟವನು ಅವನೇ.

ಹಿರಿಯ ಆಫೀಸರ್ ಕೇಳಿದ: ನಲ್ಲಿ ಮುಚ್ಚಿದ್ದರೆ ಎಂಜಿನ್ನಿಗೆ ಗಾಳಿ ಹೇಗೆ ಹೋಯಿತು, ಇವನನ್ನು ಕೇಳು.

ನಾನು ಕನ್ನಡದಲ್ಲಿ ಕೇಳಿದೆ: “ಪಿಳ್ಳಪ್ಪ, ನಲ್ಲಿ ಹತ್ರ ಯಾರಿದ್ರು ಅಂತ ಕೇಳ್ತಾವ್ರೆ.”

ಅವನು ಆಫೀಸರನ್ನು ನೋಡಲಿಲ್ಲ. ನನ್ನ ಮುಖವನ್ನೇ ನೋಡಿಕೊಂಡು ಹೇಳಿದ. “ನಾನೇ ಇದ್ದೆ. ನಲ್ಲಿ ಮುಚ್ಚಿದ್ದೆ ಬಾಷಣ್ಣ, ಎರಡೂ ಕೈಯಾಗೆ ಬಿಗಿದು ಹಿಡ್ದಿದ್ದೆ. ಆದ್ರೂ ಸೋರ್ತಿತ್ತು. ಹನ್ನೆರಡು ದಿನದಿಂದ ಹೇಳ್ತಾನೇ ಇದ್ನಲ್ಲ, ಚೀಟಿ ಬರ್ದೋರು ನೀವೇ. ಪೈಪು ಆಮೇಕೆ ಹಾಕನ ಅಂದೆ, ಅವ್ರು ಕೇಳಲಿಲ್ಲ. ಮೊದ್ಲು ಪಾಠ ಹೇಳ್ದೋರು ಏನಂದಿದ್ರು ಅದ್ನೂ ಹೇಳಿ. ಎಲ್ಲಾ ಬಿಡಿಸಿ ಹೇಳಿ ದೊರೆಗಳಿಗೆ. ನಂಗೇನಾದ್ರೂ ಆಗ್ಲಿ, ನಮ್ಮ ನಂಜಿಗೆ ನಾನು ಮೊಕ ತೋರಿಸ್ಬೇಕು.”

ನಾನು ಆಫೀಸರ ಕಡೆ ತಿರುಗಿ ಹೇಳಿದೆ: ನಲ್ಲಿಯ ಹತ್ತಿರ ತಾನೇ ಇದ್ದೆ ಎನ್ನುತ್ತಾನೆ. ಮುಚ್ಚಿದೆ ಎಂದುಕೊಂಡಿದ್ದೆ ಎನ್ನುತ್ತಾನೆ.

ಅವನು ಹೇಳಿದ್ದು ‘ಮುಚ್ಚಿದ್ದೆ’ ಎಂದು. ‘ಅಂದುಕೊಂಡಿದ್ದೆ’ ಎಂಬುದು ನನ್ನದು.

ಆಫೀಸರ್ ಹುಬ್ಬೇರಿಸಿದ. ಅಷ್ಟು ಹೊತ್ತು ಮಾತಾಡಿದನಲ್ಲ, ಹೇಳಿದ್ದು ಇಷ್ಟೇ ಏನು ಎಂದು ಕೇಳಿದ. ದುಃಖದಲ್ಲಿದ್ದಾನೆ ಸರ್, ಹೇಳಿದ್ದನ್ನೇ ಹೇಳುತ್ತಾನೆ, ಎಂದೆ. ಟೈಪ್‌ರೈಟರ್ ಟಕಟಕ ಎಂದಿತು. ಪೀಟರ್ಸ್ ಕಿಟಕಿಯ ಆಚೆ ಮಳೆ ನೋಡುತ್ತಿದ್ದ. ಕಾಲು ಗಂಟೆಯಲ್ಲಿ ಎಲ್ಲಾ ಮುಗಿದು ಪಿಳ್ಳಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡರು. ಹೆಬ್ಬೆಟ್ಟಿಗೆ ಮಸಿ ಹಚ್ಚಿದವನೂ ನಾನೇ. ಹೊರಗೆ ಬಂದಾಗ ಅವನು, “ಎಲ್ಲಾ ಹೇಳಿದ್ರಾ?” ಎಂದು ಕೇಳಿದ. “ಹೇಳ್ದೆ” ಎಂದೆ.

ಮರುದಿನವೇ ಅವನನ್ನು ಕೆಲಸದಿಂದ ತೆಗೆದರು. ಮಳೆಗೆ ತೊಡಲು ಕೊಟ್ಟಿದ್ದ ರಬ್ಬರ್ ಕೋಟು, ಎರಡು ಸ್ಪ್ಯಾನರು ವಾಪಸು ಕೊಡಲು ಉಗ್ರಾಣಕ್ಕೆ ಬಂದ. ನಾನು ತಲೆ ಎತ್ತಲಿಲ್ಲ. ಅವನೇ ನನಗೆ ಸಮಾಧಾನ ಹೇಳಿದ. “ನೀವು ಹೇಳಾದು ಹೇಳಿದ್ರಿ, ಅವ್ರು ನಂಬ್ನಿಲ್ಲ. ಅದ್ಕೆ ನೀವೇನು ಮಾಡಾಕಾಯ್ತದೆ? ಮನಸ್ಸಿಗೆ ಹಚ್ಕೋಬ್ಯಾಡಿ” ಎಂದ. ನಾನು “ಹೂಂ” ಎಂದೆ. ಇಷ್ಟು ವರ್ಷದ ಮೇಲೆ ಯೋಚಿಸಿದರೆ ಆ ಶೆಡ್ಡಿನಲ್ಲಿ ಆಡಿದ ಸುಳ್ಳಿಗಿಂತ ಈ ಹೂಂ ಎಂದದ್ದೇ ಹೆಚ್ಚು ಸುಡುತ್ತದೆ.

ವಿಚಾರಣೆಯ ತೀರ್ಮಾನದ ಕನ್ನಡ ಪ್ರತಿ ಊರಿನ ಪಟೇಲರಿಗೆ ಹೋಗಬೇಕಾಗಿತ್ತು. ಅದನ್ನು ಬರೆಯಲೂ ನನಗೇ ಹೇಳಿದರು. ‘ಗಾಳಿಯ ನಲ್ಲಿಯನ್ನು ನೋಡಿಕೊಳ್ಳುತ್ತಿದ್ದ ಪಿಳ್ಳಪ್ಪನ ಅಜಾಗರೂಕತೆಯ ದೆಸೆಯಿಂದ’ ಎಂದು ಒಳ್ಳೆಯ ಅಕ್ಷರದಲ್ಲಿ ಬರೆದೆ. ಪಟೇಲರು ಅದನ್ನು ಊರ ಮುಂದೆ ಓದಿಸಿದರಂತೆ. ತಂಗಿಯ ತಾಳಿಯನ್ನು ಅಣ್ಣನೇ ಕಿತ್ತ ಎಂದು ಜನ ಮಾತಾಡಿದರು. ಅಷ್ಟು ದಿನ ಅವಳ ಮನೆಯ ಜಗಲಿಯಲ್ಲೇ ಮಲಗಿ ಕಾವಲಿದ್ದ ಪಿಳ್ಳಪ್ಪನ ಮುಂದೆ ನಂಜಮ್ಮ ಬಾಗಿಲು ಹಾಕಿಕೊಂಡಳು.

ಹತ್ತು ದಿನಕ್ಕೆ ಬೆಂಗಳೂರಿನಿಂದ ಹೊಸ ವಾಷರ್ ಬಂತು. ಪೀಟರ್ಸ್ ಯಾವಾಗ ಜೀಪು ಕಳಿಸಿದನೋ ಗೊತ್ತಿಲ್ಲ. ಹಾಕಿದ ಮೇಲೆ ನಾನೊಬ್ಬನೇ ಹೋಗಿ ಪೈಪಿನ ಬಾಯಿಗೆ ಅಂಗೈ ಒತ್ತಿ ನೋಡಿದೆ. ಒಂದಿಷ್ಟೂ ಸೋರುತ್ತಿರಲಿಲ್ಲ. ಪೈಪನ್ನು ಮತ್ತೆ ಮೊದಲಿನಂತೆ ಪಂಖ ತಿರುಗಿಸಿದ ಮೇಲೇ ಸಿಕ್ಕಿಸಬೇಕೆಂದು ಅಪ್ಪಣೆಯಾಯಿತು. ಆ ಅಪ್ಪಣೆಯನ್ನೂ ಕೆಲಸದವರಿಗೆ ಕನ್ನಡದಲ್ಲಿ ಹೇಳಿದೆ. ಅಂದಿನಿಂದ ಅವರಲ್ಲಿ ಯಾರೂ ನನ್ನ ಪಕ್ಕ ಕೂತು ಉಣ್ಣಲಿಲ್ಲ.

ರಾಗಿ ತೆನೆ ಕಟ್ಟುವ ಹೊತ್ತಿಗೆ ನಂಜಮ್ಮ ಒಂದು ಮಧ್ಯಾಹ್ನ ಬೇಲಿಯ ಹತ್ತಿರ ಬಂದಳು. ಕಾವಲಿನವನು ಒಳಗೆ ಬಂದು, “ಮುನಿಶಾಮಿ ಹೆಂಡ್ತಿ. ನಿಮ್ಮನ್ನೇನೋ ಕೇಳ್ಬೇಕಂತೆ” ಎಂದ. ಉಗ್ರಾಣದ ಸಂದಿಯಿಂದ ಅವಳು ಕಾಣುತ್ತಿದ್ದಳು. ಕೈಯಲ್ಲಿ ಮಂಕರಿ ಇರಲಿಲ್ಲ. ಬೆಂಗಳೂರಿಗೆ ಹೋಗಿದಾರೆ ಅಂತ ಹೇಳಿಬಿಡು ಎಂದೆ. ಅವಳು ಸ್ವಲ್ಪ ಹೊತ್ತು ನಿಂತಿದ್ದು ಹೋದಳು.

ಆಮೇಲೆ ಸ್ವಲ್ಪ ದಿನಕ್ಕೆ ಪಿಳ್ಳಪ್ಪನನ್ನು ಹೊಸಕೋಟೆಯಲ್ಲಿ ಬಸ್ಸು ನಿಲ್ಲುವ ಕಡೆ ಕಂಡೆ. ಇದ್ದಿಲು ಗ್ಯಾಸಿನ ಬಸ್ಸು, ಹಿಂದಿನ ಒಲೆಗೆ ಕಂಡಕ್ಟರು ಗಾಳಿ ಹೊಡೆಯುತ್ತಿದ್ದ. ಪಿಳ್ಳಪ್ಪ ಒಂದು ಗಂಟು ಹಿಡಿದು ಕೂತಿದ್ದ. ಕೋಲಾರದ ಚಿನ್ನದ ಗಣಿಗೆ ಹೋಗುತ್ತೇನೆಂದ. ಅಲ್ಲಿ ಗಾಳಿಯಿಂದ ಬಂಡೆ ಕೊರೆಯುವ ಯಂತ್ರಗಳಿವೆಯಂತೆ, ತನಗೆ ಗೊತ್ತಿರುವ ಕೆಲಸ ಅದೊಂದೇ ಎಂದ. “ನಂಜೀನ ಕಂಡ್ರೆ ಒಂದ್ಮಾತು ಹೇಳಿ ಬಾಷಣ್ಣ, ನಾನು ನಲ್ಲಿ ಬಿಟ್ಟಿರ್ನಿಲ್ಲ ಅಂತ. ನಾನ್ ಹೇಳಿದ್ರೆ ನಂಬಾಕಿಲ್ಲ. ನೀವು ಹೇಳಿದ್ರೆ ನಂಬ್ತಾಳೆ.” ಹೇಳುತ್ತೇನೆಂದೆ. ಬಸ್ಸು ಹೊರಟಿತು.

ಹೇಳಲಿಲ್ಲ. ಯುದ್ಧ ಮುಗಿಯಿತು. ವಿಮಾನಗಳು ಹೋದವು, ಪೀಟರ್ಸ್ ಹೋದ, ತಂತಿ ಬಿಚ್ಚಿದರು, ಗಾಳಿಬಂಡಿಯನ್ನು ಯಾವುದೋ ಲಾರಿಯಲ್ಲಿ ಹಾಕಿಕೊಂಡು ಹೋದರು. ನಾನು ನಮ್ಮ ಸೋದರಮಾವನ ಮಂಡಿಯಲ್ಲಿ ಗುಮಾಸ್ತನಾದೆ. ಇನ್ನು ನನ್ನನ್ನು ಯಾರೂ ಏನೂ ಮಾಡುವಂತಿರಲಿಲ್ಲ. ಆದರೂ ಸಮೇತನಹಳ್ಳಿಯ ಮೂರು ನಾಲ್ಕು ಮೈಲಿಯನ್ನು ಎರಡು ವರ್ಷ ನಡೆಯಲಿಲ್ಲ. ಹೋಗಬೇಕೆಂದುಕೊಂಡ ದಿನ ಮಳೆ ಬರುತ್ತಿತ್ತು, ಇಲ್ಲವೇ ನಾನೇ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಒಂದು ದಿನ ಆ ಊರಿನ ರೈತನೊಬ್ಬ ಮಂಡಿಗೆ ಹುಣಸೆಹಣ್ಣು ತಂದಿದ್ದ. ಮಾತಿನ ಮಧ್ಯೆ, “ಪಿಳ್ಳಪ್ಪ ಹೋಗ್ಬಿಟ್ಟ, ಗೊತ್ತಾಯ್ತಾ?” ಎಂದ. ಗಣಿಯ ಊರಿನಲ್ಲಿ ಜ್ವರ ಬಂದು ಹದಿನೈದು ದಿನ ಮಲಗಿದ್ದನಂತೆ. ತಂಗಿಗೆ ಕಾಗದ ಬರೆಸಿದ್ದನಂತೆ, ಒಂದು ಸಲ ಬಂದು ಹೋಗು ಎಂದು. ಅವಳು ಹೋಗಲಿಲ್ಲವಂತೆ. ಪಿಳ್ಳಪ್ಪ ತೀರಿಕೊಂಡು ಎಂಟು ತಿಂಗಳಾಯಿತು ಎಂದ.

ಮರುದಿನ ನಾನು ಸಮೇತನಹಳ್ಳಿಗೆ ಹೋದೆ. ನಂಜಮ್ಮ ಮನೆಯ ಮುಂದೆ ರಾಗಿ ಕೇರುತ್ತಿದ್ದಳು. ನನ್ನನ್ನು ನೋಡಿ ಗುರುತು ಹಿಡಿದು, ಚಾಪೆ ಹಾಕಿದಳು, ಮಜ್ಜಿಗೆ ತಂದುಕೊಟ್ಟಳು. ನಾನು ಲೋಟವನ್ನು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ವಾಷರು, ಚೀಟಿ, ಪೀಟರ್ಸ್‌ನ ಅಪ್ಪಣೆ, ಪಿಳ್ಳಪ್ಪ ಬೇಡವೆಂದದ್ದು, ಎರಡೂ ಕೈಯಿಂದ ನಲ್ಲಿ ಹಿಡಿದು ಕೂತಿದ್ದದ್ದು, ವಿಚಾರಣೆಯಲ್ಲಿ ಅವನು ಹೇಳಿದ ಒಂದೊಂದು ಮಾತು, ನಾನು ಹೇಳಿದ್ದು. ಏನನ್ನೂ ಬಿಡಲಿಲ್ಲ. ಅವಳು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಂಡಳು.

ನಾನು ಹೇಳಿ ಮುಗಿಸಿದ ಮೇಲೆ ಕೇಳಿದಳು. “ಅವತ್ತು ನಾನು ಬೇಲಿ ತಾವ ಬಂದಾಗ ನೀವು ಒಳಗೇ ಇದ್ರಿ?”

“ಇದ್ದೆ.”

“ಆ ಇಚಾರಣೆ ಮಾಡ್ದಾಗ ಎಷ್ಟು ಜನ ಇದ್ರಿ?”

“ಆರು ಜನ.”

“ಅದ್ರಾಗೆ ನಮ್ಮ ಮಾತು ಬರೋರು?”

“ನಾವಿಬ್ರೇ. ನಾನು, ನಿಮ್ಮಣ್ಣ.”

ನಂಜಮ್ಮ ಮೊರದಲ್ಲಿನ ರಾಗಿಯನ್ನು ಒಮ್ಮೆ ಕೈಯಿಂದ ಸವರಿದಳು.

“ಅಂಗಾರೆ ನಮ್ಮಣ್ಣ ಹೇಳ್ಕಂಡಿದ್ದು ನಿಮ್ಗೊಬ್ರಿಗೇ” ಎಂದಳು.

ಆಮೇಲೆ ಮೊರ ಎತ್ತಿ ಮತ್ತೆ ಕೇರಲು ಶುರು ಮಾಡಿದಳು. ಹೊಟ್ಟು ಹಾರಿ ನನ್ನ ಮೇಲೆ ಬೀಳುತ್ತಿತ್ತು. ಅದನ್ನು ಕೊಡವಿಕೊಳ್ಳದೆ ಎದ್ದು ಹೊಸಕೋಟೆಯ ದಾರಿ ಹಿಡಿದೆ.